ಕಟ್ಟಿದ ಲಿಸನರನ್ನು ಬಿಚ್ಚಲೇಬೇಕು: ವೆಬ್ ಕಾಂಪೊನೆಂಟ್‌ಗಳಿಗೆ ಲಿಂಟ್ ನಿಯಮಗಳು

ಕಾಸರಗೋಡಿನಲ್ಲಿ ಊರವರಿಗಾಗಿ ಒಂದು ವೆಬ್ ಪುಟ ಮಾಡುವುದೆಂದರೆ ಕನ್ನಡ, ಮಲಯಾಳಂ ಎರಡರಲ್ಲೂ ಮಾಡುವುದೆಂದೇ ಅರ್ಥ. ಬದಿಯಡ್ಕದ ಮನೆಯಲ್ಲಿ ಕುಳಿತು ಹತ್ತಿರದ ವಾಚನಾಲಯಕ್ಕೆ ಮಾಡಿಕೊಟ್ಟ ಪುಸ್ತಕಪಟ್ಟಿಯಲ್ಲಿ ಒಂದೊಂದು ಪುಸ್ತಕಕ್ಕೂ ಒಂದೊಂದು ಚೀಟಿ, ಪ್ರತಿ ಚೀಟಿಯೂ ಒಂದು ಕಸ್ಟಮ್ ಎಲಿಮೆಂಟ್, ಅಂದರೆ ನಾವೇ ಹೆಸರಿಟ್ಟು ಮಾಡಿಕೊಂಡ ಟ್ಯಾಗ್. ವೆಬ್ ಕಾಂಪೊನೆಂಟ್ ಎನ್ನುವುದು ಇಂಥದ್ದನ್ನೇ. ಭಾಷೆಯ ಗುಂಡಿ ಒತ್ತಿದರೆ ಹಳೆಯ ಚೀಟಿಗಳು ಹೋಗಿ ಹೊಸವು ಬರುತ್ತಿದ್ದವು. ಏಳೆಂಟು ಸಲ ಒತ್ತಿದ ಮೇಲೆ ಪುಟ ಸರಿಸುವುದೇ ಕಷ್ಟವಾಗುತ್ತಿತ್ತು.

ಚೀಟಿ ಪುಟಕ್ಕೆ ಸೇರಿದಾಗ ಓಡುವ ಕನೆಕ್ಟೆಡ್‌ಕಾಲ್‌ಬ್ಯಾಕ್‌ನಲ್ಲಿ ವಿಂಡೋದ ಸ್ಕ್ರೋಲ್‌ಗೆ ಲಿಸನರ್ (ಪುಟ ಸರಿದಾಗಲೆಲ್ಲ ಓಡುವ ಫಂಕ್ಷನ್) ಕಟ್ಟಿದ್ದೆ, ಆದರೆ ಚೀಟಿ ಪುಟದಿಂದ ಹೋದಾಗ ಓಡುವ ಡಿಸ್‌ಕನೆಕ್ಟೆಡ್‌ಕಾಲ್‌ಬ್ಯಾಕ್‌ನಲ್ಲಿ ಅದನ್ನು ಬಿಚ್ಚಿರಲಿಲ್ಲ. ಕಣ್ಣಿಗೆ ಕಾಣದ ನೂರಾರು ಹಳೆಯ ಚೀಟಿಗಳನ್ನು ವಿಂಡೋ ಹಿಡಿದಿಟ್ಟುಕೊಂಡಿತ್ತು. ಕೋಡನ್ನು ಓಡಿಸುವ ಮೊದಲೇ ಓದಿ ತಪ್ಪು ತೋರಿಸುವ ಲಿಂಟ್ ಸಾಧನವಾದ ಇಎಸ್‌ಲಿಂಟ್‌ಗೆ ವೆಬ್ ಕಾಂಪೊನೆಂಟ್‌ಗಳ ಪ್ಲಗಿನ್ ಸೇರಿಸಿ 'ರಿಕ್ವೈರ್ ಲಿಸನರ್ ಟೇರ್‌ಡೌನ್' ನಿಯಮವನ್ನು ಎರರ್ ಮಟ್ಟಕ್ಕೆ ಏರಿಸಿದ ಕೂಡಲೇ ಆ ಸಾಲಿನ ಕೆಳಗೆ ಕೆಂಪು ಗೆರೆ ಮೂಡಿತು. ಬಿಚ್ಚುವಾಗ ಕಟ್ಟಿದ ಅದೇ ಫಂಕ್ಷನ್ನನ್ನೇ ಕೊಡಬೇಕು. ಅಂಥದ್ದೇ ಇನ್ನೊಂದು ಆ್ಯರೋ ಫಂಕ್ಷನ್ ಬರೆದು ಕೊಟ್ಟರೆ ಬ್ರೌಸರ್ ತಕರಾರಿಲ್ಲದೆ ಸುಮ್ಮನಿರುತ್ತದೆ, ಲಿಸನರ್ ಅಲ್ಲೇ ಉಳಿಯುತ್ತದೆ.

ಎರಡನೆಯದು, ಎಲಿಮೆಂಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್‌ನೊಳಗೇ ಆಟ್ರಿಬ್ಯೂಟ್ ಅಂಟಿಸುವ ಅಭ್ಯಾಸವನ್ನು ತಡೆಯುವ ನಿಯಮ. ಟ್ಯಾಗ್ ಮೊದಲೇ ಎಚ್‌ಟಿಎಂಎಲ್‌ನಲ್ಲಿದ್ದು ಸ್ಕ್ರಿಪ್ಟ್ ಆಮೇಲೆ ಬಂದರೆ ಈ ತಪ್ಪು ಹೊರಗೆ ಕಾಣುವುದಿಲ್ಲ. ಅದೇ ಎಲಿಮೆಂಟನ್ನು ಕ್ರಿಯೇಟ್‌ಎಲಿಮೆಂಟ್‌ನಿಂದ ಹುಟ್ಟಿಸಿದರೆ ಬ್ರೌಸರ್ ಒಪ್ಪುವುದಿಲ್ಲ. ಒಂದು ದಾರಿಯಲ್ಲಿ ನಡೆದು ಇನ್ನೊಂದರಲ್ಲಿ ಮುಗ್ಗರಿಸುವ ಇಂಥ ತಪ್ಪುಗಳಿಗಾಗಿಯೇ ಲಿಂಟ್ ಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಪವಿರಾಮ, ಇಂಡೆಂಟ್‌ಗಳ ವಿಷಯವನ್ನು ಕೋಡಿನ ಅಂದ ಸರಿಪಡಿಸುವ ಪ್ರೆಟಿಯರ್‌ಗೆ ಬಿಟ್ಟಿದ್ದೇನೆ.

2024ರಲ್ಲಿ ಬಂದ ಇಎಸ್‌ಲಿಂಟ್ 9ರಿಂದ ಫ್ಲ್ಯಾಟ್ ಕಾನ್ಫಿಗ್ (ನಿಯಮಗಳನ್ನು ಒಂದೇ ಕಡತದಲ್ಲಿ ಪಟ್ಟಿಯಾಗಿ ಬರೆಯುವ ವಿಧಾನ) ರೂಢಿಯ ಕ್ರಮವಾಗಿರುವುದರಿಂದ, ಈ ನಿಯಮಗಳು ಕಾಂಪೊನೆಂಟ್‌ಗಳ ಫೋಲ್ಡರಿಗೆ ಮಾತ್ರ ಅನ್ವಯಿಸುವಂತೆ ಒಂದೇ ಕಡತದಲ್ಲಿ ಬರೆದಿಡಬಹುದು. ಹೆಸರಿನ ವಿಷಯದಲ್ಲಿ ಒಂದು ಸಂತೋಷವಿದೆ: ಮೊದಲ ಅಕ್ಷರ ಇಂಗ್ಲಿಷಿನ ಸಣ್ಣಕ್ಷರವಾಗಿದ್ದು ನಡುವೆ ಹೈಫನ್ ಇದ್ದರೆ, ಎಲಿಮೆಂಟ್ ಹೆಸರಿನ ಉಳಿದ ಭಾಗದಲ್ಲಿ ಕನ್ನಡ ಅಕ್ಷರಗಳನ್ನೂ ಎಚ್‌ಟಿಎಂಎಲ್ ಮಾನದಂಡ ಒಪ್ಪುತ್ತದೆ.

ಅಪರೂಪಕ್ಕೆ ನಿಯಮ ಮೀರಬೇಕಾದ ಸಾಲಿನ ಮೇಲೆ ಆ ಸಾಲಿಗೆ ನಿಯಮವನ್ನು ನಿಲ್ಲಿಸುವ ಡಿಸೇಬಲ್ ಟಿಪ್ಪಣಿ ಹಾಕಿ, ಎರಡು ಅಡ್ಡಗೆರೆಗಳ (--) ನಂತರ ಕಾರಣ ಬರೆಯುವುದನ್ನು ಕಡ್ಡಾಯ ಮಾಡಿಕೊಂಡಿದ್ದೇವೆ. ನಾನು ಕನ್ನಡದಲ್ಲಿ ಬರೆಯುತ್ತೇನೆ. ನೀಲೇಶ್ವರದ ಗೆಳೆಯ ಮಲಯಾಳದಲ್ಲಿ ಬರೆಯುತ್ತಾನೆ.