ಎರಡು ವರ್ಷ ಬೆಳೆ ಹೋದರೂ ನಿಮ್ಮವ್ವ ಮತ್ತೆ ಹೇಗೆ ಬಿತ್ತಿದರು?

ಕಲಬುರಗಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ಕೇಳುತ್ತಾರೆ, ಬೆಂಗಳೂರಿನ ಗೆಳತಿಯರು ಕೇಳುತ್ತಾರೆ, ಬೀಗರೂ ಕೇಳಿದ್ದಾರೆ. 2022ರಲ್ಲಿ ತೊಗರಿಗೆ ನೆಟೆ ರೋಗ, 2023ರಲ್ಲಿ ಬರ. ಮೈಮೇಲೆ ಸಾಲ. ಆದರೂ ನಿಮ್ಮವ್ವ ಮರುವರ್ಷ ಬಿತ್ತಿದರಲ್ಲ, ಅಷ್ಟು ನಂಬಿಕೆ ಎಲ್ಲಿಂದ ಬಂತು? ಹೊಲ ಪಾಲಿಗೆ ಕೊಟ್ಟು ಮನೆಯಲ್ಲಿರಬಾರದಿತ್ತಾ?

ನಮ್ಮದು ಚಿತ್ತಾಪುರ ತಾಲ್ಲೂಕಿನಲ್ಲಿ ಐದು ಎಕರೆ ಎರೆ ಹೊಲ. ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಹೋದ ಮೇಲೆ ಅವ್ವನೇ ನೋಡಿಕೊಳ್ಳುತ್ತಾಳೆ. ತೊಗರಿ ಜೂನ್, ಜುಲೈನಲ್ಲಿ ಬಿತ್ತಿದರೆ ರಾಶಿ ಆಗುವುದು ಡಿಸೆಂಬರ್, ಜನವರಿಗೆ. ಅಷ್ಟೂ ತಿಂಗಳು ದುಡ್ಡು ಮಣ್ಣಲ್ಲೇ ಇರುತ್ತದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಜಿಐ ಮಾನ್ಯತೆ, ಅಂದರೆ ಇದು ಈ ಭಾಗದ್ದೇ ವಿಶೇಷ ಅನ್ನುವ ಸರ್ಕಾರಿ ಗುರುತು, ಸಿಕ್ಕಾಗ ಊರಲ್ಲಿ ಎಲ್ಲರಿಗೂ ಖುಷಿ. ಮೂರೇ ವರ್ಷಕ್ಕೆ ನೆಟೆ ರೋಗ ಬಂತು.

ಕಾಯಿ ಕಟ್ಟುವ ಹೊತ್ತು ಅದು. ನಿನ್ನೆ ಹಸಿರಾಗಿದ್ದ ಗಿಡ ಇವತ್ತು ತಲೆ ಬಾಗಿಸಿ ನಿಂತಿರುತ್ತಿತ್ತು. ಅವ್ವ ಒಂದು ಗಿಡ ಕಿತ್ತು, ಕುಡುಗೋಲಿನಿಂದ ಕಾಂಡ ಸೀಳಿ ತೋರಿಸಿದಳು. ಒಳಗೆ ಉದ್ದಕ್ಕೂ ಕಪ್ಪು ಗೆರೆ. ಹದಿನೈದು ದಿನದಲ್ಲಿ ಮುಕ್ಕಾಲು ಹೊಲ ಒಣಗಿತು.

ಆ ಎಳ್ಳಮಾವಾಸ್ಯೆಗೆ ನಾನು ಊರಿಗೆ ಹೋಗಿದ್ದೆ. ಈ ಸಲ ಹಬ್ಬ ಇರಲ್ಲ ಅಂದುಕೊಂಡಿದ್ದೆ. ಹೋದರೆ ಅವ್ವ ಬೆಳಗಿನ ನಾಲ್ಕಕ್ಕೇ ಎದ್ದು ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ ಮಾಡಿ ಬುಟ್ಟಿ ತುಂಬಿದ್ದಳು. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರ ಪೂಜೆ ಮಾಡಿದಳು. ಆಮೇಲೆ ಒಣಗಿದ ಗಿಡಗಳ ನಡುವೆ ನಡೆಯುತ್ತಾ ಚರಗ ಚೆಲ್ಲಿದಳು, ಅಂದರೆ ಭೂತಾಯಿಗೆ ಅಂತ ಆ ಅಡುಗೆಯನ್ನೇ ಹೊಲದಲ್ಲಿ ಎರಚಿದಳು. ನನಗೆ ಗಂಟಲು ಕಟ್ಟಿತು. "ಇಂಥ ಹೊಲಕ್ಕೆ ಚರಗ ಯಾಕವ್ವಾ?" ಅಂದೆ.

"ಬೆಳಿ ಕೊಟ್ಟ ವರ್ಷ ಅಷ್ಟೇ ಉಣಸಬೇಕೇನವ್ವಾ? ಭೂತಾಯಿ ಈ ವರ್ಷನೂ ಹಸದಾಳ" ಅಂದಳು.

ಇಷ್ಟು ಕೇಳಿದವರು ಅವ್ವನನ್ನು ಕಲ್ಲಿನಂಥ ಗಟ್ಟಿ ಹೆಂಗಸು ಅಂದುಕೊಳ್ಳುತ್ತಾರೆ. ಆ ರಾತ್ರಿ ಅವಳು ಕೌದಿ ಮುಖದ ಮೇಲೆಳೆದುಕೊಂಡು ಅತ್ತಿದ್ದು ನನಗೆ ಕೇಳಿಸಿತು. ಆದರೆ ಅದೇ ವಾರ ಒಣಗಿದ ಎರಡು ಗಿಡಗಳನ್ನು ಬೇರು ಸಮೇತ ಟವೆಲ್ಲಿನಲ್ಲಿ ಸುತ್ತಿಕೊಂಡು, ಬಸ್ಸು ಹತ್ತಿ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರಕ್ಕೆ ಬಂದಳು. ನೆಟೆ ರೋಗ ತರುವ ಶಿಲೀಂಧ್ರ ಮಣ್ಣಲ್ಲೇ ವರ್ಷಗಟ್ಟಲೆ ಉಳಿಯುತ್ತದೆ, ಅದೇ ಹೊಲಕ್ಕೆ ತೊಗರಿಯನ್ನೇ ಹಾಕುತ್ತಾ ಹೋದರೆ ಜಾಸ್ತಿ ಆಗುತ್ತದೆ, ನಡುವೆ ಜೋಳ ಹಾಕಿ, ಬೀಜಕ್ಕೆ ಆ ರೋಗವನ್ನು ತಡೆಯುವ ಟ್ರೈಕೋಡರ್ಮಾ ಅನ್ನುವ ಒಳ್ಳೆಯ ಶಿಲೀಂಧ್ರ ಹಚ್ಚಿ ಬಿತ್ತಿ ಅಂತ ಹೇಳಿ ಕಳಿಸಿದರು. ಚರಗ ಚೆಲ್ಲಿದ ಕೈಯಲ್ಲೇ ಗಿಡ ಹಿಡಿದು ಬಂದಿದ್ದಳು ಅವ್ವ. ನಂಬಿಕೆ ಅಂದರೆ ನನಗೆ ಇವೆರಡೂ ಸೇರಿ.

2023ರಲ್ಲಿ ಹೇಳಿದ ಹಾಗೇ ಮಾಡಿದಳು. ಮಳೆ ಬರಲಿಲ್ಲ. 1901ರಿಂದೀಚೆಗೆ ದೇಶ ಅಷ್ಟು ಒಣ ಆಗಸ್ಟ್ ಕಂಡಿರಲಿಲ್ಲ. ತೊಗರಿಯ ಬೇರು ಆಳಕ್ಕೆ ಹೋಗುತ್ತದಲ್ಲ, ಹಾಗಾಗಿ ಮೂರು ಚೀಲ ಸಿಕ್ಕಿತು. ಅದರಲ್ಲಿ ಮನೆಗೆ ಬೇಳೆ ಆಯಿತು, ಬೀಜ ಆಯಿತು. ಬೀಜವನ್ನು ಬೇವಿನ ಎಲೆ ಬೆರೆಸಿ ಮಡಕೆಯಲ್ಲಿ ಕಟ್ಟಿಟ್ಟಳು. ಮನೆಯಲ್ಲಿ ಎಷ್ಟೇ ತೊಂದರೆ ಆದರೂ ಆ ಮಡಕೆ ಮುಟ್ಟಲಿಲ್ಲ.

2024ರಲ್ಲಿ ಗೊಬ್ಬರಕ್ಕೆ ದುಡ್ಡಿರಲಿಲ್ಲ. ಕೊರಳಿನ ಚಿನ್ನದ ಸರ, ಬೋರಮಾಳ, ಒತ್ತೆ ಇಟ್ಟಳು. ಬಿತ್ತುವ ದಿನ ಓಣಿಯ ನಾಲ್ಕು ಹೆಣ್ಣುಮಕ್ಕಳು ಮುಯ್ಯಾಳಾಗಿ ಬಂದರು, ಕೂಲಿ ಕೇಳಲಿಲ್ಲ. ಅವರ ಹೊಲಗಳೂ ಎರಡು ವರ್ಷ ಹೋಗಿದ್ದವು. ಅವ್ವನ ಧೈರ್ಯ ಎಲ್ಲಿಂದ ಬಂತು ಅಂತ ಕೇಳುವವರು ಇವರನ್ನೂ ಲೆಕ್ಕಕ್ಕೆ ಹಿಡಿಯಬೇಕು. "ನಾಳೆ ನಿನ್ನ ಹೊಲಕ್ಕ ನಾ ಬರ್ತೀನಿ" ಅಂತ ಒಬ್ಬರಿಗೆ ಮಾತು ಕೊಟ್ಟ ಮೇಲೆ ಕೈಚೆಲ್ಲಿ ಕೂರಲು ಆಗುವುದಿಲ್ಲ.

ಆ ವರ್ಷ ಬೆಳೆ ಬಂತು. ಅರ್ಧ ಸಾಲ ತೀರಿತು. ಬೋರಮಾಳ ಇನ್ನೂ ಬಿಡಿಸಿಲ್ಲ.

ಮೊನ್ನೆ ಅವ್ವ ಫೋನ್ ಮಾಡಿದ್ದಳು. ಈ ಸಲದ ತೊಗರಿಗೆ ಐವತ್ತು ದಿನ ಆಗಿದೆ. ಈಗ ತುದಿ ಚಿವುಟಿದರೆ ಪಕ್ಕದಲ್ಲಿ ಟೊಂಗೆ ಒಡೆದು ಹೂವು ಜಾಸ್ತಿ ಬಿಡುತ್ತದೆ. "ಕುಡಿ ಚಿವುಟಾಕ ಆಳು ಸಿಗವಲ್ರು, ಐತಾರ ಬಾ ಯವ್ವಾ" ಅಂದಳು. ಬೆಳಗಿನ ಬಸ್ಸಿಗೆ ಹೊರಡುತ್ತಿದ್ದೇನೆ.