ಜೋಂಬಿ ಸಾಲು: ಮಳೆಗಾಲದಲ್ಲೂ ಕರಗದ ಉಪ್ಪು

ಕೊನೆಗೂ ಉಪ್ಪು ನಿಂತಿದೆ. ಸಾಲಿನ ಮೊದಲ ಗೊಂಬೆಯ ಅಂಗೈಯಲ್ಲಿ ಕೂರಿಸಿದ ಹರಳುಗಳು ಆಷಾಢದ ಜಡಿಮಳೆ ಮುಗಿದರೂ ನೀರು ಬಿಟ್ಟಿಲ್ಲ. ಕಾರವಾರದ ಮಳೆಗಾಲ ಕಂಡವರಿಗೆ ಇದು ಎಷ್ಟು ದೊಡ್ಡ ಸಂಗತಿ ಅಂತ ಹೇಳಬೇಕಾಗಿಲ್ಲ. ಕಪಾಟಿನಲ್ಲಿಟ್ಟ ಬೆಲ್ಟಿಗೆ ವಾರದೊಳಗೆ ಬೂಸ್ಟು ಹಿಡಿಯುವ ಊರು ನಮ್ಮದು.

ಹೊಸದಾಗಿ ಓದುವವರಿಗೆ: ಆರು ಜೋಂಬಿ ಗೊಂಬೆಗಳನ್ನು ಮಾಡಿ ಒಂದೇ ಹಲಗೆಯ ಮೇಲೆ ಸಾಲಾಗಿ ನಿಲ್ಲಿಸುತ್ತಿದ್ದೇನೆ. ಜೋಂಬಿ ಅಂದರೆ ಕತೆ, ಸಿನಿಮಾಗಳಲ್ಲಿ ತನ್ನ ಮೇಲೆ ತನಗೇ ಹಿಡಿತ ಇಲ್ಲದೆ ನಡೆದಾಡುವ ದೇಹ, ಹೆಚ್ಚಾಗಿ ಎದ್ದು ಬಂದ ಹೆಣ. ಅಳತೆ 1:12, ಅಂದರೆ ಪೂರ್ತಿ ನಿಂತ ಮನುಷ್ಯ ಹದಿನಾಲ್ಕು ಸೆಂಟಿಮೀಟರ್ ಚಿಲ್ಲರೆ. ಒಳಗೆ ಅಲ್ಯೂಮಿನಿಯಂ ತಂತಿ, ಮೇಲೆ ಎಂ-ಸೀಲ್. ತಂತಿ ಬಗ್ಗಿಸೋದು, ಉಜ್ಜೋದು, ಪ್ರೈಮರ್ ಹೊಡೆಯೋದು ಎಲ್ಲ ನಿಮಗೂ ಗೊತ್ತು. ಅದನ್ನೆಲ್ಲ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ.

ಬಣ್ಣ ಹಚ್ಚುವ ಮೊದಲೇ, ಬರೀ ನಿಲುವು ನೋಡಿ ಇದು ಯಾವ ಜಾತಿಯ ಜೋಂಬಿ ಅಂತ ಗುರುತಾಗಬೇಕು. ಇದು ಈ ಸಾಲಿಗೆ ನಾನು ಹಾಕಿಕೊಂಡ ಷರತ್ತು. ಕೊಳೆತ ಚರ್ಮ ಎಲ್ಲದಕ್ಕೂ ಹಚ್ಚಬಹುದು. ದೇಹವನ್ನು ನಡೆಸುತ್ತಿರುವುದು ಯಾವುದು ಅನ್ನೋದು ಮಾತ್ರ ಒಂದೊಂದಕ್ಕೆ ಒಂದೊಂದು ಥರ. 1968ರಲ್ಲಿ ಜಾರ್ಜ್ ರೊಮೆರೊ ಸಿನಿಮಾದಲ್ಲಿ ಎದ್ದು ಬಂದ ಹೆಣಗಳು ನಿಧಾನ. ಮೈ ಮುಂದಕ್ಕೆ ವಾಲಿರುತ್ತದೆ, ಕಾಲು ಹಿಂದೆ ಎಳೆದುಕೊಂಡು ಬರುತ್ತದೆ. ಅಂದ ಹಾಗೆ ಆ ಸಿನಿಮಾದಲ್ಲಿ ಯಾರೂ ಜೋಂಬಿ ಅನ್ನುವ ಮಾತೇ ಆಡುವುದಿಲ್ಲ. ಶುಕ್ರಗ್ರಹದಿಂದ ವಾಪಸು ಬಂದ ಉಪಗ್ರಹದ ವಿಕಿರಣ ಕಾರಣ ಇರಬಹುದು ಅಂತ ಸುದ್ದಿಯಲ್ಲಿ ಹೇಳುತ್ತಾರೆ, ಅಷ್ಟೆ. ಮಿದುಳನ್ನೇ ಬೇಡುತ್ತಾ ಬರುವ ಹೆಣ 1985ರ ಇನ್ನೊಂದು ಸಿನಿಮಾದ್ದು. ಸತ್ತಿರುವ ನೋವು ತಡೆಯೋಕಾಗದೆ ಅದು ಮಿದುಳು ತಿನ್ನುತ್ತದೆ. ಹಾಗಾಗಿ ನನ್ನ ಮೂರನೇ ಗೊಂಬೆ ಹೊಟ್ಟೆ ಹಿಡಿದುಕೊಂಡು ಬಾಗಿದೆ, ಮುಖದಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ. 2002ರ ಒಂದು ಸಿನಿಮಾದ ನಂತರ ಓಡುವವರ ಕಾಲ. ಆ ಸಿನಿಮಾದವರು ಸತ್ತವರೇ ಅಲ್ಲ, ವೈರಸ್ ತಗುಲಿದ ಜೀವಂತ ಜನ, ಅನ್ನ ಸಿಗದಿದ್ದರೆ ಹಸಿದು ಸಾಯುತ್ತಾರೆ. ಆ ಗೊಂಬೆಯ ಸ್ನಾಯು ಬಿಗಿದಿರಬೇಕು, ಹಲಗೆಗೆ ಒಂದೇ ಹೆಬ್ಬೆರಳು ತಾಗಬೇಕು. ಹಿಮ್ಮಡಿಯೊಳಗಿಂದ ಉಕ್ಕಿನ ಪಿನ್ ಹೊಡೆದು ನಿಲ್ಲಿಸಿದ್ದೇನೆ. ಚೀನಾದ ಜಿಯಾಂಗ್‌ಶಿ ಸುಲಭ. ಸತ್ತು ಸೆಟೆದ ಮೈ, ಮುಂದೆ ಚಾಚಿದ ಕೈ, ಹಣೆಗೆ ಮಂತ್ರದ ಚೀಟಿ, ಎರಡೂ ಕಾಲು ಜೋಡಿಸಿ ಕುಪ್ಪಳಿಸುವ ಭಂಗಿ. ಉಸಿರು ಹಿಡಿದರೆ ಅದಕ್ಕೆ ನಾವು ಎಲ್ಲಿದ್ದೇವೆ ಅಂತ ತಿಳಿಯೋದಿಲ್ಲ.

ಬೂಸ್ಟಿನ ಜೋಂಬಿ ಬಗ್ಗೆ ಒಂದು ಮಾತು ಜಾಸ್ತಿ ಹೇಳಲೇಬೇಕು. ಇರುವೆಗಳಿಗೆ ಹಿಡಿಯುವ ಓಫಿಯೋಕಾರ್ಡಿಸೆಪ್ಸ್ ನಿಜವಾದ ಬೂಸ್ಟು. ಅದು ಇರುವೆಯನ್ನು ಗಿಡಕ್ಕೆ ಹತ್ತಿಸಿ, ಎಲೆಯ ಅಡಿಯ ನರವನ್ನು ಕಚ್ಚಿಸಿ, ಅಲ್ಲೇ ಸಾಯಿಸಿ, ಆಮೇಲೆ ತಲೆಯ ಹಿಂದಿನಿಂದ ಕಡ್ಡಿಯಂತೆ ಮೊಳೆಯುತ್ತದೆ. 2013ರ ಪ್ರಸಿದ್ಧ ಗೇಮಿನ ನಂತರ ಎಲ್ಲರೂ ತಲೆಯೊಡೆದು ಅರಳಿದ ಅಣಬೆಯನ್ನೇ ಮಾಡುತ್ತಾರೆ. ಆದರೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗೊತ್ತಾಗಿದ್ದು ಬೇರೆ. ಬೂಸ್ಟಿನ ಎಳೆಗಳು ಇರುವೆಯ ಸ್ನಾಯುಗಳ ಸುತ್ತ ಬಲೆ ನೇಯುತ್ತವೆ, ಮಿದುಳಿನೊಳಗೆ ಹೋಗುವುದಿಲ್ಲ. ನನಗೆ ಇದು ಅಣಬೆ ತಲೆಗಿಂತ ಭಯಂಕರ. ಅದಕ್ಕೇ ನನ್ನ ಗೊಂಬೆಯ ತಲೆ ಹಾಗೇ ಇದೆ. ದವಡೆ, ಭುಜ, ತೊಡೆಯ ಚರ್ಮದಡಿಯಲ್ಲಿ ಎಳೆಗಳು ಉಬ್ಬಿವೆ. ಹೊಲಿಗೆಯ ದಾರವನ್ನು ಫೆವಿಕಾಲಿನಲ್ಲಿ ಅದ್ದಿ ಅಂಟಿಸಿದೆ. ಚೆನ್ನಾಗಿ ಬಂದಿದೆ.

ಇನ್ನು ಮೊದಲನೆಯವನು. ಹೈಟಿಯ ಜೋಂಬಿ. ಉಳಿದ ಐದೂ ಇವನಿಂದಲೇ ಹುಟ್ಟಿದವು ಅಂತ ಹೇಳಲಾರೆ, ಜಿಯಾಂಗ್‌ಶಿಯ ದಾರಿಯೇ ಬೇರೆ. ಆದರೆ ಜೋಂಬಿ ಅನ್ನುವ ಹೆಸರು ಬಂದಿದ್ದು ಇವನ ಕಡೆಯಿಂದ. ಇವನು ಯಾರನ್ನೂ ಕಚ್ಚುವುದಿಲ್ಲ, ತಿನ್ನುವುದಿಲ್ಲ, ಅಟ್ಟಿಸಿಕೊಂಡು ಬರುವುದಿಲ್ಲ. ಬೊಕೋರ್ ಅನ್ನುವ ಮಾಂತ್ರಿಕ ಇವನನ್ನು ಗೋರಿಯಿಂದ ಎಬ್ಬಿಸಿ ದುಡಿಸಿಕೊಳ್ಳುತ್ತಾನೆ. ಹೈಟಿ ಹಿಂದೆ ಫ್ರೆಂಚರ ಕಬ್ಬಿನ ವಸಾಹತು. ಆಫ್ರಿಕಾದಿಂದ ತಂದ ಗುಲಾಮರನ್ನು ಅಲ್ಲಿ ಕಬ್ಬಿನ ಗದ್ದೆಯಲ್ಲಿ ಸಾಯುವ ತನಕ ದುಡಿಸಿದರು. ಅವರು ದಂಗೆ ಎದ್ದು 1804ರಲ್ಲಿ ಸ್ವತಂತ್ರರಾದರು. ಸತ್ತ ಮೇಲಾದರೂ ಬಿಡುಗಡೆ ಸಿಗುತ್ತದೆ ಅಂದುಕೊಂಡವನನ್ನು ಮತ್ತೆ ಎಬ್ಬಿಸಿ ಗದ್ದೆಗೆ ಇಳಿಸಿದರೆ? ಆ ಹೆದರಿಕೆಯೇ ಈ ಜೋಂಬಿ. ನಮ್ಮ ಜಿಲ್ಲೆಯಲ್ಲಿ, ಯಲ್ಲಾಪುರ ಹಳಿಯಾಳದ ಕಡೆ, ಪೋರ್ಚುಗೀಸರು ಆಫ್ರಿಕಾದಿಂದ ಹಿಡಿದು ತಂದ ಜನರ ವಂಶದವರು ಇಂದಿಗೂ ಇದ್ದಾರೆ. ಗುಲಾಮಗಿರಿ ನಮಗೆ ದೂರದ ಕತೆ ಅಲ್ಲ. ಹಾಗಾಗಿ ಈ ಗೊಂಬೆಯನ್ನು ವಿಕಾರ ಮಾಡಲು ನನಗೆ ಮನಸ್ಸು ಒಪ್ಪಲಿಲ್ಲ. ಇವನಿಗೆ ಕೊಳೆತ ಚರ್ಮ ಇಲ್ಲ, ಹಲ್ಲು ಕಿಸಿದಿಲ್ಲ. ದಣಿದ ಭುಜ, ನೆಲಕ್ಕೆ ನೆಟ್ಟ ದೃಷ್ಟಿ, ಎಡಗೈಯಲ್ಲಿ ಕಬ್ಬು ಕಡಿಯುವ ಕತ್ತಿ. ನೋಡಿದವರಿಗೆ ಇವನ ಮೇಲೆ ಕರುಣೆ ಬರಬೇಕು.

ಬಲಗೈಯಲ್ಲಿ ಉಪ್ಪು. ಹೈಟಿಯ ಕತೆಗಳಲ್ಲಿ ಜೋಂಬಿಗೆ ಉಪ್ಪು ಹಾಕದ ಊಟವನ್ನೇ ಕೊಡುತ್ತಾರೆ. ಒಂದು ಹರಳು ನಾಲಿಗೆಗೆ ತಾಗಿದರೂ ಅವನಿಗೆ ಎಚ್ಚರ ಆಗುತ್ತದೆ, ತಾನು ಯಾರು ಅಂತ ನೆನಪಾಗುತ್ತದೆ, ಗೋರಿಯ ಕಡೆ ನಡೆದುಬಿಡುತ್ತಾನೆ. ನಮ್ಮಲ್ಲಿ ಉಪ್ಪು ತಿಂದವನು ಧಣಿಗೆ ಕಟ್ಟುಬೀಳುತ್ತಾನೆ. ಅಲ್ಲಿ ಉಪ್ಪು ತಿಂದವನು ಧಣಿಯ ಕೈ ತಪ್ಪಿಸಿಕೊಳ್ಳುತ್ತಾನೆ. ಇದನ್ನು ಓದಿದ ದಿನವೇ ತೀರ್ಮಾನ ಮಾಡಿದೆ, ಇವನ ಕೈಯಲ್ಲಿ ನಿಜವಾದ ಉಪ್ಪೇ ಇರಬೇಕು, ಅದೂ ಸಾಣಿಕಟ್ಟೆಯದು. ಗೋಕರ್ಣದ ಹತ್ತಿರ, ಅಘನಾಶಿನಿಯ ಹಿನ್ನೀರಿನ ಆಗರದಲ್ಲಿ ಬಿಸಿಲಿಗೆ ಬಿಡಿಸಿದ ಉಪ್ಪು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಅಂಕೋಲಾ ಅಲ್ಲಿಂದ ಅಷ್ಟೇನೂ ದೂರ ಇಲ್ಲ. ಕಟ್ಟು ಕಳಚುವ ಉಪ್ಪು ಬೇಕು ಅಂದರೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು ಹೇಳಿ?

ಗೆಳೆಯನೊಬ್ಬ ಸಕ್ಕರೆ ಹಾಕು, ಯಾರಿಗೆ ಗೊತ್ತಾಗುತ್ತದೆ ಅಂದ. ಅವನ ಜೊತೆ ಅರ್ಧ ಗಂಟೆ ಜಗಳ ಆಡಿದೆ. ಇವನನ್ನು ಗೋರಿಯಿಂದ ಎಬ್ಬಿಸಿದ್ದೇ ಸಕ್ಕರೆಗೆ! ಮತ್ತೆ, ಭೂತಗನ್ನಡಿಯಲ್ಲಿ ನೋಡಿದರೆ ಎರಡೂ ಒಂದೇ ಥರ ಇಲ್ಲ. ಸಕ್ಕರೆಯ ಹರಳು ಓರೆ. ಉಪ್ಪು ಎಷ್ಟು ಸಣ್ಣಗೆ ಒಡೆದರೂ ಚೌಕ ಚೌಕವಾಗಿಯೇ ಒಡೆಯುತ್ತದೆ. ಆಗರದ ನೀರಿನ ಮೇಲೆ ತೇಲುತ್ತಾ ಬೆಳೆದ ಹರಳು ಸಿಕ್ಕರೆ ಇನ್ನೂ ಚಂದ. ಒಳಗೆ ಟೊಳ್ಳು, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕಲ್ಯಾಣಿಯನ್ನು ಚಿಕ್ಕದು ಮಾಡಿ ಇಟ್ಟ ಹಾಗೆ. 1:12ರಲ್ಲಿ ಅರ್ಧ ಮಿಲಿಮೀಟರಿನ ಚೂರು ಇಟ್ಟರೆ ಸರಿಯಾಗಿ ಕಲ್ಲುಪ್ಪಿನ ಗಾತ್ರ ಕಾಣುತ್ತದೆ.

ಇಟ್ಟೆ. ಮರುದಿನ ಬೆಳಗ್ಗೆ ಅಂಗೈಯಲ್ಲಿ ನೀರಿನ ಹನಿ, ಮಣಿಕಟ್ಟಿನ ಬಣ್ಣದ ಮೇಲೆ ಬಿಳಿ ಗೆರೆ.

ಅಲ್ಲಿಂದ ಶುರುವಾಯಿತು ನೋಡಿ. ನೀರಿನ ವಾರ್ನಿಶ್ ಹಚ್ಚಿದರೆ ಅದರ ನೀರಿಗೇ ಹರಳಿನ ಮೂಲೆ ಕರಗಿ ಗುಂಡಗಾಗುತ್ತದೆ. ಸ್ಪ್ರೇ ಲ್ಯಾಕರ್ ಹೊಡೆದರೆ ಎರಡು ದಿನ ಗಟ್ಟಿ, ಆಮೇಲೆ ಒಳಗಿನಿಂದಲೇ ಬೆವರುತ್ತದೆ. ಬಾಣಲೆಯಲ್ಲಿ ಹುರಿದರೆ ಹರಳಿನೊಳಗೆ ಸಿಕ್ಕಿಕೊಂಡ ನೀರು ಕಾದು, ಚಟಪಟ ಸಿಡಿದು, ಚೌಕದ ಬದಲು ಹುಡಿ ಉಳಿಯುತ್ತದೆ. ಆನ್‌ಲೈನಿನಲ್ಲಿ ತರಿಸಿದ ಎಪಾಕ್ಸಿ (ಹಾರ್ಡನರ್ ಬೆರೆಸಿದರೆ ಗಟ್ಟಿಯಾಗುವ ಅಂಟು) ಬಂದಾಗ ಹಾರ್ಡನರ್ ಬಾಟಲಿಯ ಮುಚ್ಚಳ ಸಡಿಲ, ಅರ್ಧ ಪೆಟ್ಟಿಗೆಯೇ ಕುಡಿದಿತ್ತು. ಬದಲಿ ಕಳಿಸಿ ಅಂದರೆ ಫೋಟೋ ಹಾಕಿ, ವಿಡಿಯೋ ಹಾಕಿ, ಪೆಟ್ಟಿಗೆಯ ನಾಲ್ಕೂ ಮಗ್ಗುಲು ತೋರಿಸಿ. ಕೊನೆಗೆ ಬಂದ ಬದಲಿ ಬಾಟಲಿಯೂ ಅದೇ ಸಡಿಲ ಮುಚ್ಚಳದ್ದು. ಪೇಟೆಯ ಅಂಗಡಿಯಲ್ಲಿ ಕೇಳಿದರೆ "ಮಳೆ ಮುಗೀಲಿ ತರಿಸ್ವಾ" ಅನ್ನುತ್ತಾರೆ. ಮಳೆಯಲ್ಲೇ ಅಲ್ವಾ ಬೇಕಾಗಿರೋದು!

ದಾರಿ ತೋರಿಸಿದ್ದು ಶಿರಸಿಯ ದೊಡ್ಡಮ್ಮ. ಫೋನಿನಲ್ಲಿ ಗೋಳು ಹೇಳಿಕೊಂಡೆ. ಗೊಂಬೆ ವಿಷಯ ಅವರು ಪೂರ್ತಿ ಕೇಳಲೂ ಇಲ್ಲ. "ಹೊಸ ಉಪ್ಪು ನೀರು ಬಿಡ್ತು ತಮಾ, ಹಳೇದು ತಗಳವು" ಅಂದರು. ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವವರಿಗೆ ಇದು ಗೊತ್ತಿರುವ ವಿಷಯ. ರಾಶಿ ಹಾಕಿಟ್ಟ ಉಪ್ಪು ತಿಂಗಳುಗಟ್ಟಲೆ ತೊಟ್ಟಿಕ್ಕಿ ಕಹಿ ನೀರು ಇಳಿದು ಹೋದ ಮೇಲೆ ಒಣಗಿ ನಿಲ್ಲುತ್ತದೆ. ಆ ಕಹಿ ನೀರಿನಲ್ಲಿ ಇರೋದು ಮೆಗ್ನೀಶಿಯಂ ಕ್ಲೋರೈಡ್. ಅದು ಗಾಳಿಯ ತೇವ ಶೇಕಡಾ 33 ದಾಟಿದರೆ ಸಾಕು, ನೀರು ಎಳೆಯಲು ಶುರು. ಶುದ್ಧ ಉಪ್ಪಾದರೆ ಸುಮಾರು 75ರ ತನಕ ತಡೆದುಕೊಳ್ಳುತ್ತದೆ. ನನ್ನ ಮೇಜಿನ ಮೇಲಿನ ತೇವದ ಮೀಟರು ಮಳೆ ಹಿಡಿದರೆ 85ರಿಂದ ಕೆಳಗೆ ಇಳಿಯೋದೇ ಇಲ್ಲ. ಅಂದರೆ ಎರಡು ಕೆಲಸ ಆಗಬೇಕು. ಮೊದಲು ಕಹಿ ತೆಗೆಯಬೇಕು, ಆಮೇಲೆ ಗಾಳಿ ತಾಗದಂತೆ ಮುಚ್ಚಬೇಕು. ಒಳಗೆ ಕಹಿ ಉಳಿದಿದ್ದರೆ ಮೇಲಿಂದ ಎಷ್ಟು ಲ್ಯಾಕರ್ ಹೊಡೆದರೂ ಬೆವರು ನಿಲ್ಲುವುದಿಲ್ಲ.

ಕಹಿ ತೆಗೆಯಲು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಶುದ್ಧ ಉಪ್ಪನ್ನು ಇನ್ನು ಕರಗುವುದಿಲ್ಲ ಅನ್ನುವ ತನಕ ನೀರಿಗೆ ಹಾಕಿ, ತಳದಲ್ಲಿ ಉಪ್ಪು ಉಳಿಯಬೇಕು. ಆ ನೀರಿನಲ್ಲಿ ಹರಳುಗಳನ್ನು ಅಲ್ಲಾಡಿಸಿ ಬಸಿಯಿರಿ. ನೀರಿಗೆ ಉಪ್ಪಿನ ಹೊಟ್ಟೆ ತುಂಬಿರುವುದರಿಂದ ಹರಳಿನ ಚೌಕ ಸವೆಯುವುದಿಲ್ಲ, ಕಹಿ ಮಾತ್ರ ಬಿಟ್ಟುಕೊಳ್ಳುತ್ತದೆ. ಹೊಸ ನೀರಿನಲ್ಲಿ ಮತ್ತೆ ಮಾಡಿ. ನಾಲಿಗೆಗೆ ಇಟ್ಟರೆ ವ್ಯತ್ಯಾಸ ತಿಳಿಯುತ್ತದೆ, ಹಿಂದಿನಿಂದ ಬರುವ ಆ ಕಹಿ ಹೋಗಿರುತ್ತದೆ.

ಒಣಗಿಸಲು ಅಕ್ಕಿ ಡಬ್ಬ. ಮುಚ್ಚಳಕ್ಕೆ ರಬ್ಬರ್ ಇರುವಂಥದ್ದು. ತಳದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಡಿ, ಮೇಲೆ ಜಾಲರಿ, ಜಾಲರಿಯ ಮೇಲೆ ಹರಳು. ಹುರಿದಾಗ ಸಿಡಿಯುವ ಉಪ್ಪು ಇಲ್ಲಿ ನಿಧಾನವಾಗಿ, ಸದ್ದಿಲ್ಲದೆ ಒಣಗುತ್ತದೆ. ಜೆಲ್ಲಿನ ಬಣ್ಣ ತಿರುಗಿದಾಗ ತೆಗೆದು ಬಿಸಿ ಮಾಡಿ ಮತ್ತೆ ಹಾಕಬೇಕು.

ಈಗ ನಿಜವಾದ ಗುಟ್ಟು. ಎಪಾಕ್ಸಿಯನ್ನೂ ಆ ಡಬ್ಬದೊಳಗೇ ಗಟ್ಟಿಯಾಗಲು ಬಿಡಬೇಕು. ತೇವದ ಗಾಳಿಯಲ್ಲಿ ಬಿಟ್ಟರೆ ಎಪಾಕ್ಸಿಯ ಮೇಲೆ ಮೇಣದಂಥ ಮಂಜು ಪೊರೆ ಕೂರುತ್ತದೆ, ಹೊಳಪು ಸತ್ತು ಹೋಗುತ್ತದೆ. ಕರಾವಳಿಯಲ್ಲಿ ಕೆಲಸ ಮಾಡುವವರು ಎಲ್ಲರೂ ಇದನ್ನು ಬೈದುಕೊಂಡಿರುತ್ತೀರಿ. ನಾನು ಮಾಡಿದ್ದು ಇಷ್ಟು: ಅಂಗೈಗೆ ಸೂಜಿಯ ಮೊನೆಯಿಂದ ಎಪಾಕ್ಸಿ ಸವರಿ, ಚಿಮಟದಿಂದ ಒಂದೊಂದೇ ಚೂರು ಕೂರಿಸಿ, ಮೇಲೆ ಇನ್ನೊಂದು ತೆಳು ಹನಿ ಹರಿಸಿ, ಗೊಂಬೆಯನ್ನು ಹಾಗೇ ಡಬ್ಬಕ್ಕೆ ಇಳಿಸಿ ಮುಚ್ಚಳ ಹಾಕಿದೆ. ಗಟ್ಟಿಯಾಗುವ ತನಕ ತೆರೆದು ನೋಡುವ ಹಾಗಿಲ್ಲ. ಆಮೇಲೆ ಚೌಕಗಳ ಮೇಲ್ಮೈಗೆ ಮಾತ್ರ ಒಣ ಬ್ರಷ್‌ನಲ್ಲಿ ಹೊಳಪು ತಗ್ಗಿಸುವ ಮ್ಯಾಟ್ ವಾರ್ನಿಶ್ ಸ್ವಲ್ಪ ಕೊಟ್ಟೆ. ಇಲ್ಲದಿದ್ದರೆ ಉಪ್ಪಿನ ಬದಲು ಗಾಜು ಕಾಣುತ್ತದೆ.

ಕಿಟಕಿ ತೆರೆದು, ಮೀಟರು 91 ತೋರಿಸುತ್ತಿರುವಾಗ ರಾತ್ರಿಯಿಡೀ ಹೊರಗೆ ಇಟ್ಟೆ. ಬೆಳಗ್ಗೆ ಭೂತಗನ್ನಡಿ ಹಿಡಿದರೆ ಪ್ರತಿ ಹರಳಿನ ಮೂಲೆ ಚೂಪಾಗಿಯೇ ಇತ್ತು. ಖುಷಿಗೆ ದೊಡ್ಡಮ್ಮನಿಗೇ ಮೊದಲು ಫೋನು ಮಾಡಿದೆ. ಈ ವರ್ಷದ ಉಪ್ಪಿನಕಾಯಿ ಭರಣಿ ಒಂದು ನನಗೆ ಅಂತ ಆಯಿತು.

ಇನ್ನು ಮುಂದಿನದು. ಓಡುವ ಜೋಂಬಿಯನ್ನು ಒಂದೇ ಬೆರಳಿನ ಮೇಲೆ ನಿಲ್ಲಿಸುವಾಗಲೇ ತಲೆಯಲ್ಲಿ ಕೂತಿದ್ದು ಶಿರಸಿಯ ಬೇಡರ ವೇಷ. ಹೋಳಿಯ ರಾತ್ರಿ ಬೆನ್ನಿಗೆ ನವಿಲುಗರಿ ಕಟ್ಟಿಕೊಂಡು, ಕೈಯಲ್ಲಿ ಕತ್ತಿ ಗುರಾಣಿ ಹಿಡಿದು ಬೇಡ ಮುಂದಕ್ಕೆ ನುಗ್ಗುತ್ತಾನೆ, ಹಿಂದೆ ಇಬ್ಬರು ಹಗ್ಗ ಹಿಡಿದು ಜಗ್ಗುತ್ತಾರೆ. ಮುಂದಕ್ಕೆ ಬಿದ್ದೇ ಬಿಡುವ ಮೈಯನ್ನು ಹಗ್ಗವೇ ನಿಲ್ಲಿಸಬೇಕು. ಈ ಸಲ ಪಿನ್ ಬೇಡ ಅಂತ ಹಟ. ಎರಡು ಹಗ್ಗದ ಎಳೆತದಲ್ಲೇ ಬೇಡ ನಿಲ್ಲಬೇಕು, ಹಗ್ಗ ಬಿಟ್ಟರೆ ಬೀಳಬೇಕು. ಮೀನು ಬಲೆಯ ನೈಲಾನ್ ದಾರ ತುಂಬ ಹೊಳೆಯುತ್ತದೆ, ಹತ್ತಿ ದಾರ ಮಳೆಯಲ್ಲಿ ಸಡಿಲಾಗುತ್ತದೆ. ತೇವಕ್ಕೆ ಜಗ್ಗದ, ನೋಡಲು ನಾರಿನ ಹಗ್ಗದಂತೆ ಕಾಣುವ ಸಣ್ಣ ದಾರ ಯಾರಾದರೂ ಬಳಸಿದ್ದರೆ ತಿಳಿಸಿ. ನವಿಲುಗರಿಗೆ ಹುಂಜದ ಕುತ್ತಿಗೆಯ ಪುಕ್ಕ ನೋಡಿಟ್ಟಿದ್ದೇನೆ, ಹಸಿರು ಮಿಂಚು ಇರುವಂಥದ್ದು.