ಸೆಂಡಾಫ್‌ ದಿನದ ಫಿಶ್‌ಪಾಂಡ್‌ಗೆ ತಯಾರಿ

ಎಸ್ಸೆಸ್ಸೆಲ್ಸಿ ಸೆಂಡಾಫ್‌ನಲ್ಲಿ ಮುಖ್ಯ ಅತಿಥಿಗಳ ಭಾಷಣ ಯಾರಿಗೂ ನೆನಪಿರಲ್ಲ. ಫಿಶ್‌ಪಾಂಡ್‌ ನೆನಪಿರುತ್ತೆ, ಅಂದ್ರೆ ಒಬ್ಬೊಬ್ಬರ ಬಗ್ಗೆ ಗೆಳೆಯರು ಗುಟ್ಟಾಗಿ ಬರೆದ ತಮಾಷೆ ಸಾಲನ್ನು ಎಲ್ಲರೆದುರು ಓದುವ ಆಟ.

ಒಂದು ವಾರ ಮೊದಲೇ ಮುಚ್ಚಳಕ್ಕೆ ಸೀಳು ಕೊಯ್ದ ಶೂ ಡಬ್ಬಿಯನ್ನು ಕ್ಲಾಸಿನಲ್ಲಿಡಿ. ಚೀಟಿಯಲ್ಲಿ ಯಾರಿಗೆ ಅಂತ ಬರೆದಿರಲಿ, ಬರೆದವರ ಹೆಸರು ಬೇಡ. ಮೂರು ದಿನ ಸಾಕು. ಆಮೇಲೆ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಮೇಷ್ಟ್ರು ಕೂತು ಸೋಸಬೇಕು. ಮೈಬಣ್ಣ, ದಪ್ಪ-ಸಣ್ಣ, ಜಾತಿ, ಮನೆ ಪರಿಸ್ಥಿತಿ, ಹುಡುಗ-ಹುಡುಗಿ ಜೋಡಿ ಕಟ್ಟೋದು, ಎಲ್ಲ ಮುಲಾಜಿಲ್ಲದೆ ಕಸದಬುಟ್ಟಿಗೆ.

ನಿಜವಾದ ಎಡವಟ್ಟು ಲೆಕ್ಕದಲ್ಲಿ. ಗಲಾಟೆ ಗ್ಯಾಂಗಿನವರಿಗೆ ಹತ್ತತ್ತು ಚೀಟಿ, ಮಾತಾಡದ ಹುಡುಗಿಗೆ ಸೊನ್ನೆ. ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಟಿಕ್‌ ಹಾಕಿ, ಬಿಟ್ಟುಹೋದವರಿಗೆ ನೀವೇ ಬರೆಯಿರಿ. ತಲೆಗೊಂದೇ ಸಾಲು, 40 ಮಕ್ಕಳಿಗೆ ಅರ್ಧರ್ಧ ನಿಮಿಷದಂತೆ 20 ನಿಮಿಷ. ಅದಕ್ಕಿಂತ ಎಳೆದರೆ ಎಲ್ಲರ ಕಣ್ಣೂ ಕೇಸರಿಬಾತ್‌ ಪಾತ್ರೆ ಮೇಲೆ.

‘ಕ್ಲಾಸಲ್ಲಿ ನಿದ್ದೆ ಮಾಡ್ತಾನೆ’ ಅಂದ್ರೆ ಯಾರೂ ನಗಲ್ಲ. ‘ಪೈಥಾಗೊರಸ್‌ ಪ್ರಮೇಯಕ್ಕೆ ಮಲಗಿ, ಬೆಲ್ಲಿಗೆ ಎರಡು ಸೆಕೆಂಡ್‌ ಮೊದಲು ಏಳುವ ಅಲಾರಾಂ’ ಅನ್ನಿ. ‘625ಕ್ಕೆ 620 ಗ್ಯಾರಂಟಿ ಇದ್ದರೂ, ಪ್ರತಿ ಪರೀಕ್ಷೆ ಮುಗಿದಾಗ “ಎಲ್ಲಾ ಹೋಯ್ತು ಕಣೇ” ಅಂತ ಅಳುವವಳು’, ಇದು ಪ್ರತಿ ಸೆಕ್ಷನ್ನಿಗೂ ಒಬ್ಬರಿಗೆ ಒಪ್ಪುತ್ತೆ.

ಓದುವಾಗ ಸಾಲು ಮೊದಲು, ಹೆಸರು ಆಮೇಲೆ. ನಡುವೆ ಒಂದು ಉಸಿರು ನಿಲ್ಲಿಸಿದರೆ ಕ್ಲಾಸೇ ಹೆಸರು ಕೂಗುತ್ತೆ. ಓದುವವರು ತಾವೇ ಮೊದಲು ನಕ್ಕರೆ ಮುಗೀತು, ಮೈಕಲ್ಲಿ ಏನೂ ಕೇಳಲ್ಲ. ಮೇಷ್ಟ್ರುಗಳ ಚೀಟಿ ಕೊನೆಗಿರಲಿ, ಅವರನ್ನು ಮೊದಲೇ ಕೇಳಿಕೊಂಡು. ಸೋಸಿ ಬಿಸಾಡಿದವನ್ನು ಅಂದೇ ಹರಿದುಹಾಕಿ. ಇಲ್ಲದಿದ್ದರೆ ಸಂಜೆಗೆ ವಾಟ್ಸಾಪ್‌ ಗ್ರೂಪಲ್ಲಿರುತ್ತವೆ.